ಉಗುರಿಗೆ ಸಿಗುವ ತುಕ್ಕು

"ಅವರು ಡಬ್ಬಿಗಳನ್ನು ಸ್ವಂತ ಮಕ್ಕಳ ಹಾಗೆ ಪ್ರೀತಿಸುತ್ತಿದ್ದರು" ಎಂದು ಕಾರ್ಖಾನೆಯ ಮ್ಯಾನೇಜರ್ ಮೈಕಿನಲ್ಲಿ ಹೇಳಿದಾಗ, ಎದ್ದು ಹೋಗಿ ಆ ಮೈಕನ್ನು ಕಿತ್ತುಕೊಳ್ಳಬೇಕು ಅನ್ನಿಸಿತು ನನಗೆ. ಶುದ್ಧ ಸುಳ್ಳು. ಬಾಯಮ್ಮನಿಗೆ ಡಬ್ಬಿಗಳ ಮೇಲೆ ಪ್ರೀತಿ ಎಂಬುದು ಎಳ್ಳಷ್ಟೂ ಇರಲಿಲ್ಲ. ಇದ್ದದ್ದು ಗುಮಾನಿ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅವರು ಹೇಳುತ್ತಿದ್ದ ಮೊದಲ ಮಾತೇ, "ತಗಡನ್ನು ನಂಬಬೇಡಿ. ಹೊರಗೆ ಹೊಳೀತದೆ, ಒಳಗೆ ಎಂತ ಮಾಡ್ತಾ ಉಂಟು ಅಂತ ಹೇಳುವುದಿಲ್ಲ" ಎಂಬುದು.

ಶಿರ್ವದಲ್ಲಿ ಅವರ ತಂಗಿಯ ಮನೆಯ ಅಂಗಳ. ಶಾಮಿಯಾನ ಹಾಕಿದ್ದರು. ಬಾಯಮ್ಮ ತೀರಿಕೊಂಡು ತಿಂಗಳಾದ ಪೂಜೆ ಇಗರ್ಜಿಯಲ್ಲಿ ಮುಗಿದು, ಜನ ಊಟಕ್ಕೆ ಬಂದು ಕೂತಿದ್ದರು. ಮ್ಯಾನೇಜರ್ ಬರಿಗೈಯಲ್ಲಿ ಬಂದಿರಲಿಲ್ಲ. ಬಿಳಿ ರಿಬ್ಬನ್ ಕಟ್ಟಿದ ಬುಟ್ಟಿ ತಂದಿದ್ದ. ಅದರೊಳಗೆ ಕಾರ್ಖಾನೆಯ ಡಬ್ಬಿಗಳು: ಅನಾನಸು, ಎಳೆಹಲಸಿನ ಗುಜ್ಜೆ, ಬಂಗುಡೆ ಮೀನು. ಸಾವಿನ ಮನೆಗೆ ಬಂಗುಡೆಯ ಡಬ್ಬಿ! ಅದನ್ನು ಬಾಯಮ್ಮನ ಫೋಟೋದ ಕೆಳಗೆ ಇಟ್ಟು, ಕೈಮುಗಿದು, ಆಮೇಲೆ ಮೈಕ್ ಹಿಡಿದದ್ದು. "ಕೊನೆಗೆ ಅವರ ಮನಸ್ಸಿನ ಸ್ವಾಸ್ಥ್ಯ ಸ್ವಲ್ಪ ತಪ್ಪಿತ್ತು. ಸಂಸ್ಥೆಗೆ ನಷ್ಟವೂ ಆಯಿತು. ಅದನ್ನೆಲ್ಲ ನಾವು ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ, ಕ್ಷಮಿಸಿದ್ದೇವೆ" ಎಂದ. ಕ್ಷಮಿಸಿದ್ದಾನಂತೆ! ಮುಂದಿನ ಸಾಲಿನಲ್ಲಿ ಕೂತಿದ್ದ ತಂಗಿ ತಲೆ ತಗ್ಗಿಸಿದರು. ಊರವರು ಪಾಪ ಎಂಬಂತೆ ಅವರನ್ನೇ ನೋಡಿದರು.

ಬಾಯಮ್ಮ ಎಂಬುದು ಅವರ ಹೆಸರಲ್ಲ. ನಮ್ಮ ಕಡೆ ಕ್ರಿಶ್ಚಿಯನ್ ಮನೆಯ ಹೆಂಗಸರನ್ನು ಹಾಗೆ ಕರೆಯುವುದು ರೂಢಿ. ಕಾಪುವಿನ ಕಡಲಿನ ಪಕ್ಕದಲ್ಲಿ ಹಣ್ಣು, ಮೀನುಗಳನ್ನು ಡಬ್ಬಿಗೆ ತುಂಬುವ ಆ ಕಾರ್ಖಾನೆಯಲ್ಲಿ ಅವರು ಗುಣಮಟ್ಟ ನೋಡುವ ಮುಖ್ಯಸ್ಥೆ. ನಾನು ಪ್ಯಾಕಿಂಗ್ ವಿಭಾಗದ ಸೂಪರ್‌ವೈಸರ್. ಅವರೂ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಊರು ಹಿಡಿದು ಕರೆಯುತ್ತಿದ್ದರು. ನಾನು ಬೆಳ್ಮಣ್. ಡಬ್ಬಿ ಬೇಯಿಸುವ ರಿಟಾರ್ಟ್ ನೋಡಿಕೊಳ್ಳುವವನು ಕಾರ್ಕಳ. "ಏ ಬೆಳ್ಮಣ್! ಬಾಗಿಲು ತೆರೆದಿಟ್ಟು ಪ್ಯಾಕ್ ಮಾಡ್ತೀಯಲ್ಲ, ಹೊರಗೆ ಮಳೆ ಕಾಣುವುದಿಲ್ವಾ ನಿನಗೆ? ಮಂಡೆ ಸಮ ಉಂಟಾ?" ಎಂದು ಅವರು ಬೊಬ್ಬೆ ಹಾಕಿದರೆ ಗೇಟಿನ ಹೊರಗೆ ಬಸ್ಸಿಗೆ ಕಾಯುವವರಿಗೂ ಕೇಳಿಸುತ್ತಿತ್ತು. ಅವರ ಜೊತೆ ಕೆಲಸ ಮಾಡುವುದು ಸುಖದ ಸಂಗತಿ ಆಗಿರಲಿಲ್ಲ, ಈಗ ಸತ್ತರೆಂದು ಸುಳ್ಳು ಹೇಳಲಾರೆ.

ಆದರೆ ಅವರ ಬೊಬ್ಬೆಗೆ ಯಾವಾಗಲೂ ಕಾರಣ ಇರುತ್ತಿತ್ತು. ಡಬ್ಬಿ ಅಂದರೆ ಉಕ್ಕಿನ ತಗಡು, ಅದರ ಮೇಲೆ ತವರದ ಲೇಪ. ಮನೆಯ ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸುತ್ತೇವಲ್ಲ, ಅದೇ ಲೆಕ್ಕ, ಅದಕ್ಕಿಂತ ಎಷ್ಟೋ ತೆಳುವು. ಒಂದು ಗೀರು ಬಿದ್ದರೆ ಉಕ್ಕು ಬಯಲಾಗುತ್ತದೆ. ಆಮೇಲೆ ಕಡಲಿನ ಗಾಳಿ ತನ್ನ ಕೆಲಸ ಮಾಡುತ್ತದೆ. ಕಾಪುವಿನಲ್ಲಿ ಸೈಕಲ್ಲಿನ ಚೈನು ಉಳಿಯುವುದಿಲ್ಲ, ಕಿಟಕಿಯ ಸರಳು ಉಳಿಯುವುದಿಲ್ಲ, ಇನ್ನು ಈ ತಗಡು ಯಾವ ಲೆಕ್ಕ? ಆದ್ದರಿಂದ ಡಬ್ಬಿಯನ್ನು ನೆಲದ ಮೇಲೆ ಎಳೆಯುವ ಹಾಗಿಲ್ಲ. ಬೆವರಿದ ಕೈಯಲ್ಲಿ ಮುಟ್ಟುವ ಹಾಗಿಲ್ಲ. ಉಂಗುರ, ಬಳೆ ಹಾಕಿಕೊಂಡು ಲೈನಿನಲ್ಲಿ ನಿಲ್ಲುವ ಹಾಗಿಲ್ಲ.

ಒಮ್ಮೆ ನನ್ನ ವಿಭಾಗದ ಒಬ್ಬಳು ಹುಡುಗಿ ಮದುವೆ ಮುಗಿಸಿ ಮೊಣಕೈವರೆಗೆ ಗಾಜಿನ ಬಳೆ ಹಾಕಿಕೊಂಡು ಬಂದಳು. ಬಾಯಮ್ಮ ಕೆಂಡವಾದರು. ಹುಡುಗಿ ಅಳುತ್ತಾ, "ತೆಗೆದರೆ ಅತ್ತೆ ಬೈತಾರೆ ಬಾಯಮ್ಮ" ಎಂದಳು. "ನಿನ್ನ ಅತ್ತೆ ಬೈದರೆ ನಿನಗೆ ಬೈಗುಳ ಮಾತ್ರ. ಡಬ್ಬಿ ತೂತಾದರೆ ಯಾರದೋ ಮಗುವಿಗೆ ವಾಂತಿ" ಎಂದು ಬೈಯುತ್ತಲೇ ಅವಳನ್ನು ಲ್ಯಾಬಿಗೆ ಎಳೆದುಕೊಂಡು ಹೋದರು. ಬಿಳಿ ಬಟ್ಟೆಯ ಪಟ್ಟಿ ಹರಿದು, ಅವಳ ಎರಡೂ ಕೈಗಳಿಗೆ, ಗಾಯಕ್ಕೆ ಕಟ್ಟುವ ಹಾಗೆ ಮೆತ್ತಗೆ ಸುತ್ತಿ ಕಟ್ಟಿ ಕಳಿಸಿದರು. ಒಂದೂ ಬಳೆ ಒಡೆಯಲಿಲ್ಲ. ಬೈಗುಳ ಮಾತ್ರ ಮಧ್ಯಾಹ್ನದವರೆಗೂ ನಿಲ್ಲಲಿಲ್ಲ. ಆ ಹುಡುಗಿ ಈಗಲೂ ಅಲ್ಲೇ ಕೆಲಸದಲ್ಲಿದ್ದಾಳೆ.

ಇನ್ನೊಮ್ಮೆ ಕ್ಯಾಂಟೀನಿನ ಫ್ರಿಜ್ಜಿನಲ್ಲಿ ಅರ್ಧ ತಿಂದ ಅನಾನಸಿನ ಡಬ್ಬಿ ಸಿಕ್ಕಿತು, ಮೇಲೆ ಒಂದು ತಟ್ಟೆ ಮುಚ್ಚಿತ್ತು. ಅದನ್ನು ಹಿಡಿದುಕೊಂಡು ಅವರು ಎಲ್ಲ ವಿಭಾಗಗಳಿಗೂ ಮೆರವಣಿಗೆ ಹೋದರು. "ಹುಳಿಯಾದ ಹಣ್ಣು, ಗಾಳಿಗೆ ತೆರೆದದ್ದು, ತವರ ಕರಗಿ ರಸಕ್ಕೆ ಬರ್ತದೆ ಮಾರಾಯ್ರೇ! ತೆರೆದ ಕೂಡಲೇ ಸ್ಟೀಲ್ ಪಾತ್ರೆಗೆ ಸುರಿಯಬೇಕು. ನೀವೇ ಹೀಗೆ ಮಾಡಿದರೆ ದುಬೈಯಲ್ಲಿ ತಿನ್ನುವವನಿಗೆ ಯಾರು ಹೇಳುವುದು?"

ಅವರ ಹೆಸರು ಎತ್ತಿದರೆ ಎಲ್ಲರಿಗೂ ಮೊದಲು ನೆನಪಾಗುವುದು ಕೆನ್ನೆಯ ವಿಷಯ. ತುಂಬಿ ಮುಚ್ಚಿದ ಡಬ್ಬಿಗಳನ್ನು ದೊಡ್ಡ ಪ್ರೆಶರ್ ಕುಕ್ಕರಿನಂತಹ ರಿಟಾರ್ಟಿನಲ್ಲಿ ಬೇಯಿಸುತ್ತಾರೆ. ಆಮೇಲೆ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ತಣಿಸುತ್ತಾರೆ. ಪೂರ್ತಿ ತಣಿಯುವ ಮೊದಲೇ, ಇನ್ನೂ ಬೆಚ್ಚಗಿರುವಾಗಲೇ ಹೊರಗೆ ತೆಗೆಯಬೇಕು. ಆಗ ಮೈಮೇಲಿನ ನೀರು ಅದರದೇ ಬಿಸಿಗೆ ಆರಿಹೋಗುತ್ತದೆ. ಬಿಸಿ ಹೆಚ್ಚು ಉಳಿದರೆ ಒಳಗಿನದು ಕೆಡುತ್ತದೆ, ಪೂರ್ತಿ ತಣಿದರೆ ಮುಚ್ಚಳದ ಅಂಚಿನ ಮಡಿಕೆಯಲ್ಲಿ ನೀರು ಉಳಿದು ತುಕ್ಕು ಹಿಡಿಯುತ್ತದೆ. ಬಾಯಮ್ಮ ಒಂದು ಡಬ್ಬಿ ಎತ್ತಿ ಕೆನ್ನೆಗೆ ಹಿಡಿಯುತ್ತಿದ್ದರು, ಒಂದು ಕ್ಷಣ ಕಣ್ಣು ಮುಚ್ಚಿ. "ಥರ್ಮಾಮೀಟರ್ ನೀರಿನ ಬಿಸಿ ಹೇಳ್ತದೆ. ಡಬ್ಬಿಯ ಬಿಸಿ ಡಬ್ಬಿಯೇ ಹೇಳಬೇಕು" ಎನ್ನುತ್ತಿದ್ದರು. ಸಣ್ಣ ಜ್ವರ ಬಂದ ಮಗುವಿನ ಹಣೆಯಷ್ಟು ಬಿಸಿ ಇದ್ದರೆ ಸರಿ.

ಈಗ ಕ್ಷಮಿಸಿರುವ ಈ ಮ್ಯಾನೇಜರ್ ಆಗ ಹೊಸದಾಗಿ ಬಂದಿದ್ದ. ಡಬ್ಬಿಗಳು ಊಟದ ಹೊತ್ತು ಮುಗಿಯುವವರೆಗೆ ನೀರಿನಲ್ಲೇ ಇರಲಿ, ಆಮೇಲೆ ಎಲ್ಲವನ್ನೂ ಒಟ್ಟಿಗೆ ತೆಗೆದರೆ ಕೆಲಸ ಬೇಗ ಆಗುತ್ತದೆ ಎಂದ. ಬಾಯಮ್ಮ ಆಗಷ್ಟೇ ತೆಗೆದ ಒಂದು ಡಬ್ಬಿಯನ್ನು ಎಲ್ಲರ ಎದುರು ಅವನ ಕೆನ್ನೆಗೆ ಒತ್ತಿದರು.

"ಹೇಗುಂಟು?"

"ಬೆಚ್ಚಗೆ."

ತೊಟ್ಟಿಯ ತಳದಲ್ಲಿ ಮರೆತುಹೋಗಿದ್ದ ಇನ್ನೊಂದನ್ನು ತೆಗೆದು ಮತ್ತೊಂದು ಕೆನ್ನೆಗೆ ಒತ್ತಿದರು. ನೀರು ಅವನ ಕಾಲರಿನೊಳಗೆ ಇಳಿಯಿತು.

"ಇದು?"

"ತಣ್ಣಗೆ."

"ಇದು ಸತ್ತದ್ದು. ಸತ್ತದ್ದನ್ನು ನಾನು ಪೆಟ್ಟಿಗೆಗೆ ಹಾಕಲಿಕ್ಕೆ ಬಿಡುವುದಿಲ್ಲ."

ಹೆಂಗಸರೆಲ್ಲ ನಕ್ಕರು. ಅವನೂ ನಕ್ಕ. ಆದರೆ ಅದನ್ನು ಅವನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಎಂಬುದು ನಮಗೆ ಬೇಗ ಗೊತ್ತಾಯಿತು.

ಏಪ್ರಿಲಿನ ಬಿಸು ಹಬ್ಬ ಕಳೆದರೆ ಕಾರ್ಖಾನೆಯ ಬಾವಿ ಉಪ್ಪಾಗುತ್ತಿತ್ತು. ಕಡಲು ಅಷ್ಟು ಹತ್ತಿರ. ಮಳೆ ಬರುವ ತನಕ ಒಳನಾಡಿನಿಂದ ಟ್ಯಾಂಕರಿನಲ್ಲಿ ಸಿಹಿನೀರು ತರಿಸಿ ಅದರಲ್ಲೇ ಡಬ್ಬಿ ತಣಿಸಬೇಕು ಎಂಬುದು ಬಾಯಮ್ಮ ಹಾಕಿದ ಪದ್ಧತಿ. ಆ ವರ್ಷ ಮ್ಯಾನೇಜರ್ ಟ್ಯಾಂಕರ್ ನಿಲ್ಲಿಸಿದ. ದಂಡದ ಖರ್ಚಂತೆ. "ನೀರು ತಾಗುವುದು ಡಬ್ಬಿಯ ಹೊರಗೆ ತಾನೆ? ಯಾರೂ ಕುಡಿಯುವುದಿಲ್ಲವಲ್ಲ" ಎಂದ. ಬಾಯಮ್ಮ ದಿನಾ ತಾವಿದ್ದ ಶಿರ್ವದ ಈ ತಂಗಿ ಮನೆಯ ಬಾವಿಯ ನೀರನ್ನೇ ಬಾಟಲಿಯಲ್ಲಿ ತಂದು ಕುಡಿಯುತ್ತಿದ್ದವರು. ಒಂದು ಖಾಲಿ ಡಬ್ಬಿಯನ್ನು ಆ ನೀರಿನಲ್ಲಿ, ಇನ್ನೊಂದನ್ನು ಕಾರ್ಖಾನೆಯ ಬಾವಿ ನೀರಿನಲ್ಲಿ ಅದ್ದಿ ತೆಗೆದು ಲ್ಯಾಬಿನ ಕಿಟಕಿಯಲ್ಲಿ ಇಟ್ಟರು. ದಿನಕ್ಕೊಮ್ಮೆ ಹಾಗೆಯೇ ಅದ್ದಿದರು. ಒಂದು ಹೊಳೆಯುತ್ತಲೇ ಇತ್ತು. ಇನ್ನೊಂದರ ಅಂಚಿಗೆ ವಾರ ಕಳೆಯುವುದರೊಳಗೆ ಕಂದು ಬಣ್ಣದ ಗೆರೆ ಬಂತು. ಎರಡನ್ನೂ ಒಯ್ದು ಅವನ ಮೇಜಿನ ಮೇಲೆ ಕುಕ್ಕಿದರು.

ಅವನು ನೋಡಿದ. ನೋಡಿಯೂ, "ಇದು ಕಿಟಕಿಯಲ್ಲಿಟ್ಟದ್ದು ಬಾಯಮ್ಮ, ನಮ್ಮದು ಪೆಟ್ಟಿಗೆಯೊಳಗೆ ಹೋಗುವುದಲ್ವಾ?" ಎಂದ. ನನಗೆ ಈಗಲೂ ಸಿಟ್ಟು ಬರುವುದು ಈ ಮಾತಿಗೇ. ಗೊತ್ತಿಲ್ಲದೆ ಮಾಡಿದವನನ್ನು ಬೇಕಾದರೆ ಬಿಟ್ಟುಬಿಡಬಹುದು. ಇವನಿಗೆ ಗೊತ್ತಿತ್ತು. ಮರುದಿನ ಬಾಯಮ್ಮ ತೊಟ್ಟಿಯ ಎದುರು ಕುರ್ಚಿ ಹಾಕಿಕೊಂಡು ಕೂತು, ಉಪ್ಪು ನೀರಿಗೆ ಒಂದು ಡಬ್ಬಿಯನ್ನೂ ಇಳಿಸಲು ಬಿಡಲಿಲ್ಲ. ಅದರ ಮರುದಿನ ಅವರಿಗೆ ಲ್ಯಾಬಿನಿಂದ ಹೊರಗೆ ಬರಬಾರದೆಂದು ಆಜ್ಞೆಯಾಯಿತು. ಬೇಸಗೆಯಿಡೀ ಡಬ್ಬಿಗಳು ಉಪ್ಪು ನೀರಿನಲ್ಲಿ ಮಿಂದವು. ಕೆಲಸ ಬೇಗ ಮುಗಿಯಲೆಂದು ಪೂರ್ತಿ ತಣಿಯುವವರೆಗೆ ಅಲ್ಲೇ ಬಿದ್ದುಕೊಂಡವು, ಒದ್ದೆಯಾಗಿಯೇ ರಟ್ಟಿನ ಪೆಟ್ಟಿಗೆ ಸೇರಿದವು.

ಮಳೆಗಾಲದಲ್ಲಿ, ಗಲ್ಫಿಗೆ ಕಳಿಸಿದ್ದ ಮಾಲು ವಾಪಸು ಬಂತು. ಗೋಡೌನಿನಲ್ಲಿ ಪೆಟ್ಟಿಗೆ ಬಿಡಿಸಿದವನು ನಾನೇ. ಡಬ್ಬಿಗಳ ಅಂಚಿನ ಸುತ್ತ ತುಕ್ಕಿನ ಬಳೆ. ಎಲ್ಲರನ್ನೂ ಕರೆದು ನಿಲ್ಲಿಸಿ ಮ್ಯಾನೇಜರ್ ಕೇಳಿದ ಪ್ರಶ್ನೆ, "ಕ್ವಾಲಿಟಿ ನೋಡುವವರು ಎಂತ ನೋಡ್ತಾ ಇದ್ದದ್ದು?" ನಾಚಿಕೆ ಎಂಬುದೊಂದು ಬೇಡವೇ! ಬಾಯಮ್ಮ, "ನಾನು ನೀರು ನೋಡಿದೆ, ನೀವು ನೋಡಲಿಲ್ಲ" ಎಂದಷ್ಟೇ ಹೇಳಿ ಗೋಡೌನಿಗೆ ಹೋದರು.

ಅಲ್ಲಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಡಬ್ಬಿಗಳನ್ನು ಬೇರ್ಪಡಿಸಿದರು. ಬಟ್ಟೆಯಲ್ಲಿ ಉಜ್ಜಿ, ಉಜ್ಜಿದ ಜಾಗದ ಮೇಲೆ ಹೆಬ್ಬೆರಳಿನ ಉಗುರು ಎಳೆಯುವುದು. "ನೋಡು ಬೆಳ್ಮಣ್, ಉಗುರು ಜಾರಿದರೆ ಮೇಲಿನ ತುಕ್ಕು, ಒರೆಸಿದರೆ ಹೋಯಿತು, ತಿನ್ನಬಹುದು. ಉಗುರು ಸಿಕ್ಕಿಕೊಂಡರೆ ಗುಂಡಿ ಬಿದ್ದಿದೆ. ಗುಂಡಿ ಎಷ್ಟು ಆಳ ಅಂತ ದೇವರಿಗೂ ಗೊತ್ತಿಲ್ಲ. ಸೂಜಿ ಮೊನೆಯಷ್ಟು ತೂತು ಸಾಕು, ಒಳಗಿನದು ವಿಷ." ಸಂಜೆಯ ಹೊತ್ತಿಗೆ ಎರಡು ರಾಶಿಯಾಯಿತು. ಕೆಟ್ಟ ರಾಶಿಯೇ ದೊಡ್ಡದು. ಹೂತುಬಿಡಬೇಕು ಎಂದು ಹೇಳಿ ಮನೆಗೆ ಹೋದರು.

ಬೆಳಿಗ್ಗೆ ಬಂದು ನೋಡಿದರೆ ಎರಡೂ ರಾಶಿ ಒಂದಾಗಿತ್ತು. ಹೆಂಗಸರನ್ನು ಸಾಲಾಗಿ ಕೂರಿಸಿ, ಪಾತ್ರೆ ತಿಕ್ಕುವ ಸ್ಟೀಲಿನ ನಾರಿನಲ್ಲಿ ತುಕ್ಕು ಕೆರೆಸಿ, ತೆಂಗಿನೆಣ್ಣೆ ಸವರಿಸಿ, ಹೊಸ ಲೇಬಲ್ ಅಂಟಿಸುತ್ತಿದ್ದರು. ಮಾಲು ಇನ್ನು ಗಲ್ಫಿಗಲ್ಲ, ಉಡುಪಿ, ಮಣಿಪಾಲದ ಕಡೆಯ ಹಾಸ್ಟೆಲ್ ಮೆಸ್ಸುಗಳಿಗೆ. "ಅವರು ಕುದಿಸಿಯೇ ಬಡಿಸುವುದು ಬಾಯಮ್ಮ, ಎಂತದೂ ಆಗುವುದಿಲ್ಲ" ಎಂದ ಮ್ಯಾನೇಜರ್. ಬಾಯಮ್ಮ ಅಲ್ಲೇ ನಿಂತು ಗಲ್ಫಿನಲ್ಲಿದ್ದ ಮಾಲೀಕರಿಗೆ ಫೋನ್ ಮಾಡಿದರು. ಮ್ಯಾನೇಜರನ್ನು ಕೇಳುತ್ತೇನೆ ಎಂದರಂತೆ ಮಾಲೀಕರು. ಸಂಜೆಗೆ ಲಾರಿ ಬರುವುದಿತ್ತು.

ಕ್ಯಾಂಟೀನಿನ ಹಿಂದೆ ತೆಂಗಿನಕಾಯಿ ಸುಲಿಯಲು ನೆಲಕ್ಕೆ ಹುಗಿದ ಕಬ್ಬಿಣದ ಸಲಾಕೆ ಇತ್ತು, ತುದಿ ಈಟಿಯಂತೆ ಚೂಪು. ಬಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅದರ ಎದುರು ನಿಂತರು. "ಬೆಳ್ಮಣ್, ಪೆಟ್ಟಿಗೆ ತಾ" ಎಂದರು. ತಂದುಕೊಟ್ಟೆ. ಒಂದು ಡಬ್ಬಿ ಎತ್ತಿ, ಎಣ್ಣೆ ಒರೆಸಿ, ಅಂಚಿನ ಸುತ್ತ ಉಗುರು ಎಳೆದರು. ಉಗುರು ಸಿಕ್ಕಿತು. ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ, ಕಾಯಿ ಸುಲಿಯುವ ಹಾಗೆ ಸಲಾಕೆಗೆ ಕುಕ್ಕಿದರು. ಬಂಗುಡೆಯ ಸಾರು ಅವರ ಸೀರೆಗೆ ಚಿಮ್ಮಿತು. ಮುಂದಿನದು. ಉಗುರು ಜಾರಿತು. ಅದನ್ನು ಮೆತ್ತಗೆ ಕ್ಯಾಂಟೀನಿನ ಜಗಲಿಯ ಮೇಲೆ ಇಟ್ಟರು. ಹೀಗೆಯೇ ಮಧ್ಯಾಹ್ನದವರೆಗೆ. ನಾನು ಕೊಡುತ್ತಾ ಹೋದೆ, ಅವರು ಉಗುರು ಎಳೆಯುತ್ತಾ ಹೋದರು. ಅವರ ಮುಖ ಸಿಟ್ಟಿನಿಂದ ಕೆಂಪಾಗಿತ್ತು, ಕಣ್ಣಲ್ಲಿ ನೀರೂ ಇತ್ತು, ಆದರೆ ಉಗುರು ಒಮ್ಮೆಯೂ ಅವಸರ ಮಾಡಲಿಲ್ಲ. ಮ್ಯಾನೇಜರ್ ಕಿರುಚುತ್ತಿದ್ದ. ವಾಚ್‌ಮನ್ ಹತ್ತಿರ ಬರಲು ಹೆದರಿದ. ಕಾಗೆ, ಬೆಕ್ಕುಗಳು ತುಂಬಿಕೊಂಡವು, ಅವನ್ನೂ ಬಾಯಮ್ಮ ಬೈದು ಓಡಿಸಿದರು, "ತಿನ್ನಬೇಡಿ, ಸಾಯ್ತೀರಿ!"

ಒಳ್ಳೆಯ ಡಬ್ಬಿಗಳು ಜಗಲಿಯ ಮೇಲೆ ಓರಣವಾಗಿ ನಿಂತಿದ್ದವು. ಮ್ಯಾನೇಜರ್ ಮೊಬೈಲಿನಲ್ಲಿ ಫೋಟೋ ತೆಗೆದ. ಅದರಲ್ಲಿ ಬಂದದ್ದು ಸಾರು ಮೆತ್ತಿದ ಸೀರೆಯ, ಕೂದಲು ಬಿಚ್ಚಿದ ಒಬ್ಬಳು ಹೆಂಗಸು, ಅವಳ ಸುತ್ತ ಹರಿದ ಡಬ್ಬಿಗಳ ಗುಡ್ಡೆ. ಜಗಲಿ ಅದರಲ್ಲಿ ಇಲ್ಲ. ಬರದ ಹಾಗೆ ನಿಂತು ತೆಗೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಂಜೆಯೊಳಗೆ ಆ ಫೋಟೋ ಕಾಪುವಿನಿಂದ ಕಾರ್ಕಳದವರೆಗೆ ಎಲ್ಲರ ವಾಟ್ಸಾಪಿಗೂ ಬಂತು: ಕೆಲಸ ಹೋಗುತ್ತದೆಂದು ಹುಚ್ಚು ಹಿಡಿದು ಕಾರ್ಖಾನೆಯ ಮಾಲು ನಾಶ ಮಾಡಿದ ಮಹಿಳೆ. ಅವರ ಕೆಲಸ ಹೋಯಿತು. ನನ್ನದೂ ಹೋಯಿತು. ಪೊಲೀಸ್ ದೂರು ಕೊಡದೆ ಬಿಟ್ಟದ್ದು ತನ್ನ ದೊಡ್ಡತನ ಎಂದು ಮ್ಯಾನೇಜರ್ ಹೇಳಿಕೊಂಡು ತಿರುಗಿದ. ದೂರು ಕೊಟ್ಟಿದ್ದರೆ ಲೇಬಲ್ಲಿನ ಕಥೆಯೂ ಹೊರಗೆ ಬರುತ್ತಿತ್ತಲ್ಲ!

ಶಿರ್ವದಲ್ಲಿ ಜನ ಅವರನ್ನು ಪಿರ್ಕಿ, ಅಂದರೆ ಅರೆಹುಚ್ಚಿ, ಎಂದರು. ಇಗರ್ಜಿಯಲ್ಲಿ ಅವರು ಕೂತ ಬೆಂಚಿನಲ್ಲಿ ಬೇರೆಯವರು ಸ್ವಲ್ಪ ದೂರ ಕೂರತೊಡಗಿದರು. ತಂಗಿ ಅವರನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗಿ ಮನಸ್ಸಿನ ಡಾಕ್ಟರಿಗೆ ತೋರಿಸಿದರು. ಇದನ್ನು ಕೇಳಿ ನನಗೆ ಬಾಯಮ್ಮನ ಮೇಲೂ ಸಿಟ್ಟು ಬಂತು. ಊರಿಗೆಲ್ಲ ಬೊಬ್ಬೆ ಹಾಕುವವರು ಮನೆಯವರಿಗೆ ಒಂದು ಮಾತು ಹೇಳಬಾರದೇ? ಒಂದು ದಿನ ಶಿರ್ವದ ಮೀನಿನ ಮಾರ್ಕೆಟ್ಟಿನಲ್ಲಿ ಸಿಕ್ಕಿದಾಗ ಕೇಳಿಯೇಬಿಟ್ಟೆ, "ಉಗುರು ಎಳೆದು ನೋಡಿದ ವಿಷಯ ತಂಗಿಗೆ ಯಾಕೆ ಹೇಳಲಿಲ್ಲ ನೀವು?"

ಅವರು ಒಂದು ಬಂಗುಡೆಯ ಕಿವಿರು ಎತ್ತಿ ನೋಡುತ್ತಿದ್ದರು. ತಲೆ ಎತ್ತಲಿಲ್ಲ. "ಅವಳು ನನ್ನನ್ನು ಕೇಳಲಿಲ್ಲ ಬೆಳ್ಮಣ್. ಡಾಕ್ಟರನ್ನು ಕೇಳಿದಳು" ಎಂದರು. ಆಮೇಲೆ ಮೀನು ಮಾರುವವಳ ಜೊತೆ ಜಗಳಕ್ಕೆ ನಿಂತರು. ನಾನು ಅವರನ್ನು ಕೊನೆಯ ಬಾರಿ ನೋಡಿದ್ದು ಅದೇ.

ಭಾಷಣ ಮುಗಿದು ಊಟ ಶುರುವಾಯಿತು. ಅಂಗಳದಲ್ಲಿ ಕೂರಲಾಗದೆ ನಾನು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದೆ. ರಿಬ್ಬನ್ ಕಟ್ಟಿದ ಬುಟ್ಟಿ ಅಲ್ಲಿಗೆ ಬಂದಿತ್ತು. ಒಂದು ಡಬ್ಬಿ ಎತ್ತಿಕೊಂಡೆ. ತುಕ್ಕು ಸಿಗಲಿ ದೇವರೇ, ಇದನ್ನು ಒಯ್ದು ಅವನ ತಟ್ಟೆಗೆ ಹಾಕುತ್ತೇನೆ ಎಂದುಕೊಂಡು ಅಂಚಿನ ಸುತ್ತ ಉಗುರು ಎಳೆದೆ. ಜಾರಿತು. ಇನ್ನೊಂದು. ಅದೂ ಜಾರಿತು. ಒಂದರಲ್ಲೂ ಒಂದು ಚುಕ್ಕೆ ಇರಲಿಲ್ಲ.

"ಹಾಳಾಗಿದೆಯಾ?" ಬಾಗಿಲಲ್ಲಿ ಬಾಯಮ್ಮನ ತಂಗಿ ನಿಂತಿದ್ದರು. ಮೆಲುದನಿಯವರು, ಅಕ್ಕನಿಗೆ ತದ್ವಿರುದ್ಧ.

"ಇಲ್ಲ. ಒಳ್ಳೆಯದೇ ಉಂಟು. ಈಗ ಬಿಸು ಕಳೆದ ಕೂಡಲೇ ಟ್ಯಾಂಕರಿನಲ್ಲಿ ಸಿಹಿನೀರು ತರಿಸ್ತಾರಂತೆ. ಕೆನ್ನೆಗೆ ಹಿಡಿದು ನೋಡಿಯೇ ತೊಟ್ಟಿಯಿಂದ ತೆಗೀತಾರಂತೆ. ಅಲ್ಲಿ ಕೆಲಸ ಮಾಡುವ ಹುಡುಗಿ ಹೇಳಿದಳು. ಎಲ್ಲ ನಿಮ್ಮ ಅಕ್ಕ ಹೇಳಿದ ಹಾಗೆಯೇ" ಎಂದೆ. ನನ್ನ ಸ್ವರ ನನಗೇ ಒರಟಾಗಿ ಕೇಳಿಸಿತು.

"ನೀವು ಬೆಳ್ಮಣ್ ಅಲ್ವಾ? ಅವಳು ಹೇಳ್ತಾ ಇದ್ದಳು." ಹತ್ತಿರ ಬಂದರು. "ಉಗುರಲ್ಲಿ ಎಂತ ನೋಡಿದ್ದು?"

ತೋರಿಸಿದೆ. ಅವರ ಹೆಬ್ಬೆರಳನ್ನೇ ಅಂಚಿನ ಮೇಲೆ ಇರಿಸಿ ಎಳೆಸಿದೆ. ಸಿಕ್ಕಿಕೊಂಡರೆ ಏನು, ಜಾರಿದರೆ ಏನು ಎಂದು ಹೇಳಿದೆ.

"ಆ ದಿನ ಅವಳು ಹೀಗೆ ನೋಡಿಯಾ ಒಡೆದದ್ದು?"

"ಒಂದೊಂದನ್ನೂ. ಒಳ್ಳೆಯದನ್ನು ಒಂದೂ ಒಡೆಯಲಿಲ್ಲ. ಡಬ್ಬಿ ಕೊಟ್ಟವನು ನಾನು. ಒಳ್ಳೆಯವು ಜಗಲಿಯ ಮೇಲೆ ಇದ್ದವು, ಫೋಟೋಕ್ಕೆ ಬರಲಿಲ್ಲ. ಇವನೇ ತೆಗೆದ ಫೋಟೋ ಅದು."

ಅವರು ಆ ಡಬ್ಬಿಯ ಅಂಚಿನ ಸುತ್ತ ಮತ್ತೊಮ್ಮೆ ತಾವೇ ಉಗುರು ಎಳೆದರು. "ನಾನು ಅವಳಿಗೆ ಮಾತ್ರೆ ತಿನ್ನಿಸಿದೆ" ಎಂದರು. ಆಮೇಲೆ ಬುಟ್ಟಿ ಎತ್ತಿಕೊಂಡು ಹೊರಟರು.

ಅಂಗಳದಲ್ಲಿ ಮ್ಯಾನೇಜರ್ ಇಡ್ಲಿಯಂತಹ ಸಾನ್ನ, ಕೋಳಿ ಸಾರು ಉಣ್ಣುತ್ತಿದ್ದ. ಅವನ ಎದುರು ಬುಟ್ಟಿ ಇಟ್ಟರು. ಅವರ ಸ್ವರ ಎತ್ತರವೇನೂ ಇರಲಿಲ್ಲ, ಆದರೂ ಪಕ್ಕದ ಮೇಜುಗಳವರು ಊಟ ನಿಲ್ಲಿಸಿದರು.

"ನನ್ನ ಅಕ್ಕ ಉಗುರು ಎಳೆದು ನೋಡಿ, ಹಾಳಾದ ಡಬ್ಬಿಗಳನ್ನು ಮಾತ್ರ ಒಡೆದದ್ದಂತೆ. ಒಳ್ಳೆಯದನ್ನು ಬೇರೆ ಇಟ್ಟಿದ್ದಳಂತೆ. ಹೌದಾ?"

ಅವನು ನನ್ನ ಕಡೆ ನೋಡಿದ. "ಅದೆಲ್ಲ ಹಳೆಯ ವಿಷಯ ಬಾಯಮ್ಮ..."

"ನಿಮ್ಮ ಭಾಷಣವೂ ಹಳೆಯ ವಿಷಯವೇ. ಹೌದಾ, ಅಲ್ವಾ? ಇಷ್ಟು ಜನ ಇದ್ದಾರೆ, ಮೈಕ್ ಬೇಡ, ಹಾಗೆಯೇ ಹೇಳಿ."

ಅವನು ತಟ್ಟೆಯನ್ನೇ ನೋಡಿದ, ಬುಟ್ಟಿಯನ್ನು ನೋಡಿದ. ಕೊನೆಗೆ ಸಾರು ಮೆತ್ತಿದ ಕೈಯನ್ನು ಹಾಗೆಯೇ ಹಿಡಿದುಕೊಂಡು, ಅರ್ಧ ಊಟದಿಂದ ಎದ್ದು ಬಾವಿಕಟ್ಟೆಯ ಕಡೆ ನಡೆದ.

"ತೊಳೆಯಿರಿ" ಎಂದರು ತಂಗಿ, ಈಗ ಅಕ್ಕನದೇ ಸ್ವರದಲ್ಲಿ, ಗೇಟಿನಾಚೆಗೂ ಕೇಳುವ ಹಾಗೆ. "ಧಾರಾಳವಾಗಿ ತೊಳೆಯಿರಿ. ನಮ್ಮ ಬಾವಿಯದ್ದು ಸಿಹಿನೀರು."